ಪಪ್ಪ ತುಂಬಿಸಿದ ನೀರು

"ನಿಲ್ಲಿಸಿ! ಯಾರನ್ನು ಕೇಳಿ ಅದಕ್ಕೆ ಕೈ ಹಾಕಿದ್ದು ನೀವು?"

ಗೇಟು ಇನ್ನೂ ಅವಳ ಬೆನ್ನ ಹಿಂದೆ ತೂಗುತ್ತಿತ್ತು. ಅತ್ತಾವರದ ಆಸ್ಪತ್ರೆಯಲ್ಲಿ ನರ್ಸಿನ ಪಾಳಿ ಮುಗಿಸಿ ಕುಲಶೇಖರದ ಮನೆಗೆ ಬಂದ ಕ್ಯಾರಲ್, ಹೆಗಲ ಚೀಲವನ್ನೂ ಇಳಿಸದೆ ಕಾರಿನ ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

ಒಳಗೆ ಪಪ್ಪನ ಹಳೆಯ ಫಿಯೆಟ್ ಬಾನೆಟ್ ತೆರೆದು ನಿಂತಿತ್ತು. ಅದರ ಮೂತಿಯ ಕೆಳಗೆ ಮಲಗಿದ್ದವನ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ರೇಡಿಯೇಟರಿನ ಅಡಿಯ ಪುಟ್ಟ ನಲ್ಲಿಯಿಂದ ಕೊನೆಯ ಹನಿಗಳು ಉದುರುತ್ತಿದ್ದವು. ಕಡು ಚಹಾದ ಬಣ್ಣದ ನೀರು ಸಿಮೆಂಟಿನ ಮೇಲೆ ಹರಿದು ಆಗಲೇ ಚರಂಡಿ ಸೇರಿತ್ತು.

ಆ ಕಾಲುಗಳು ಯಾರವೆಂದು ಮುಖ ನೋಡದೆಯೇ ಅವಳಿಗೆ ತಿಳಿಯಿತು. ಹಾಗೆ ತಿಳಿದದ್ದೇ ಅವಳ ಸಿಟ್ಟನ್ನು ಇಮ್ಮಡಿಗೊಳಿಸಿತು.

ಗ್ಲೆನ್ ಜಾರಿ ಹೊರಬಂದು ಎದ್ದು ನಿಂತ. ಕೆನ್ನೆಯ ಮೇಲೆ ತುಕ್ಕಿನ ಗೆರೆ. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಇವನು ಒಂದು ಕಾಲಕ್ಕೆ ಪ್ರತಿ ಶನಿವಾರ ದೇರೆಬೈಲಿನಿಂದ ಬಂದು, ಅವಳ ತಂದೆ ರಾಫೆಲರ ಜೊತೆ ಈ ಕಾರಿನ ಮುಂದೆ ಕೂರುತ್ತಿದ್ದ. ಸ್ಪ್ಯಾನರ್ ಎತ್ತಿಕೊಡುವ ನೆಪದಲ್ಲಿ ಕ್ಯಾರಲ್ ಕೂಡ... ಇಬ್ಬರ ನಡುವೆ ಇದ್ದುದಕ್ಕೆ ಅವರಿನ್ನೂ ಹೆಸರಿಟ್ಟಿರಲಿಲ್ಲ. ಅಷ್ಟರಲ್ಲಿ ರಾಫೆಲ್ ತೀರಿಕೊಂಡರು.

ಅಂದಿನಿಂದ ಗ್ಲೆನ್ ಈ ಗೇಟು ದಾಟಿರಲಿಲ್ಲ. ಸತ್ತು ತಿಂಗಳಾದಾಗ ಚರ್ಚಿನಲ್ಲಿ ಇಡಿಸಿದ ಬಲಿಪೂಜೆಗೂ ಬರಲಿಲ್ಲ. ಈಸ್ಟರ್ ಹೋಯಿತು, ಸೆಪ್ಟೆಂಬರಿನ ಮೊಂತಿ ಹಬ್ಬವೂ ಹೋಯಿತು.

"ನೀವು ಅಂತ ಯಾವಾಗಿನಿಂದ?" ಅವನು ಮೆಲ್ಲಗೆ ಕೇಳಿದ.

"ಗುರುತಿಲ್ಲದವರನ್ನು ಹಾಗೆಯೇ ಕರೆಯುವುದು. ಅದು ಪಪ್ಪ ತುಂಬಿಸಿದ ನೀರು. ಚರಂಡಿಗೆ ಬಿಟ್ರಿ."

ತಮ್ಮ ಮನೆಯ ಬಾವಿಯ ನೀರಲ್ಲಿ ಕಬ್ಬಿಣ ಹೆಚ್ಚು, ಅದು ರೇಡಿಯೇಟರಿನ ಸಪೂರ ಕೊಳವೆಗಳನ್ನು ಕಟ್ಟಿಹಾಕುತ್ತದೆ ಎಂದು ರಾಫೆಲ್ ಹೇಳುತ್ತಿದ್ದರು. ಅದಕ್ಕೆಂದೇ ಮಳೆಗಾಲದಲ್ಲಿ, ಹೆಂಚಿನ ಮಾಡು ಚೆನ್ನಾಗಿ ತೊಳೆದುಹೋದ ಮೇಲೆ, ಮಾಡಿನ ನೀರನ್ನು ಭರಣಿಗೆ ಹಿಡಿದು ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದರು. ಮಳೆ ಬಿಟ್ಟೊಡನೆ ಕಾರಿನ ಹಳೆಯ ನೀರು ಹೊರಗೆ, ಹೊಸದು ಒಳಗೆ. ಕಳೆದ ವರ್ಷ ತುಂಬಿಸಿದ್ದು ಅವರ ಕೈಯ ಕೊನೆಯ ನೀರು.

ಪಪ್ಪನ ಅಂಗಿಗಳನ್ನು ಚರ್ಚಿಗೆ ಕೊಟ್ಟಾಗ ಕ್ಯಾರಲ್ ಅಳಲಿಲ್ಲ. ಈ ಕಾರನ್ನು ಮಾತ್ರ ಯಾರೂ ಮುಟ್ಟಲು ಬಿಡಲಿಲ್ಲ. ಲೋಹದ ಕತ್ತಲೆಯೊಳಗೆ ಅಪ್ಪ ಹಿಡಿದಿಟ್ಟ ಆಕಾಶವೊಂದು ಕದಲದೆ ನಿಂತಿದೆ ಎಂಬ ನೆನಪೇ ಅವಳಿಗೆ ನಿದ್ದೆ ತರುತ್ತಿತ್ತು.

"ಬಣ್ಣ ನೋಡು ಕ್ಯಾರಲ್," ಎಂದ ಗ್ಲೆನ್. "ಓಡಿಸದೆ ನಿಲ್ಲಿಸಿದ್ದಿ. ಒಳಗಿನಿಂದ ತಿನ್ನುತ್ತಾ ಉಂಟು ಅದು."

"ತಿನ್ನಲಿ. ನಿಮಗೆಂತ?"

ಗದ್ದಲ ಕೇಳಿ ತಾಯಿ ಮಟಿಲ್ಡಾ ಅಡುಗೆಮನೆಯಿಂದ ಬಂದರು. ಕಾರಿನ ಕೆಳಗೆ ಕಂದು ಹನಿ ಬೀಳುವುದನ್ನು ಕಂಡು ಫೋನ್ ಮಾಡಿ ಕರೆಸಿದ್ದು ತಾನೇ ಎಂದರು. ತನ್ನ ಗಂಡ ಬದುಕಿದ್ದರೆ ಇಷ್ಟು ಹೊತ್ತಿಗೆ ಹಳೆಯ ನೀರನ್ನು ಬಿಡುತ್ತಿರಲಿಲ್ಲವೇ ಎಂದು ಮಗಳನ್ನು ಕೇಳಿದರು. "ಊಟ ಮಾಡಿಯೇ ಹೋಗು ಪುತಾ," ಎಂದು ಗ್ಲೆನ್‌ಗೆ ಹೇಳಿ ಒಳಗೆ ಹೋದರು.

ಕ್ಯಾರಲ್‌ಗೆ ಇನ್ನು ತಡೆಯಲಾಗಲಿಲ್ಲ.

"ಮಮ್ಮಿ ಕರೆದರೆ ಬರ್ತೀರಿ. ನಾನು ಇಷ್ಟು ದಿನ ಆ ಗೇಟು ನೋಡಿ ನೋಡಿ ಸತ್ತೆನಲ್ಲ, ಆಗ ಎಲ್ಲಿದ್ರಿ?"

ಹೇಳಿದ ಮೇಲಷ್ಟೇ ತಾನು ಹೇಳಿದ್ದೇನೆಂದು ಅವಳಿಗೆ ಕೇಳಿಸಿತು.

ಗ್ಲೆನ್ ಕೈಯಲ್ಲಿದ್ದ ಬಟ್ಟೆಯನ್ನು ಮಡ್‌ಗಾರ್ಡಿನ ಮೇಲೆ ಎಸೆದ. ಅವನಿಗೂ ಸಿಟ್ಟು ಬರುತ್ತದೆಂದು ಅವಳು ಮರೆತಿದ್ದಳು.

"ಬರಬೇಡ ಅಂದದ್ದು ಯಾರು? ನಿನ್ನ ಪಪ್ಪನನ್ನು ಮಣ್ಣು ಮಾಡಿದ ದಿನ, ಸಿಮಿತ್ರಿಯ ಗೇಟಿನ ಹತ್ತಿರ, ಎಲ್ಲರ ಎದುರು. ಆ ಕಾರಿಗಾಗಿ ಇನ್ನು ಯಾರೂ ನಮ್ಮ ಮನೆಗೆ ಬರುವುದು ಬೇಡ, ಅಂತ. ನಾನು ನಿನ್ನ ಹಿಂದೆಯೇ ನಿಂತಿದ್ದೆ. ಅವರು ನನಗೆ ಕೊಟ್ಟಿದ್ದ ಶೆಡ್ಡಿನ ಬೀಗದಕೈ ನನ್ನ ಕಿಸೆಯಲ್ಲೇ ಇತ್ತು."

ಅವಳಿಗೆ ಮಸುಕಾಗಿ ನೆನಪಾಯಿತು. ಗೋರಿಯ ಮಣ್ಣು ಒಣಗುವ ಮೊದಲೇ ಚಿಕ್ಕಪ್ಪನ ಮಗ ಆನ್ಸನ್, ಕಾರು ಮಾರುವುದಿದ್ದರೆ ಗಿರಾಕಿ ಇದ್ದಾರೆ ಎಂದಿದ್ದ. ಅವನ ಮುಖಕ್ಕೆ ಎಸೆದ ಮಾತು ಅದು. ಬೆನ್ನ ಹಿಂದೆ ಯಾರಿಗೆ ತಗುಲಿತೆಂದು ಅವಳು ತಿರುಗಿ ನೋಡಿರಲಿಲ್ಲ.

"ಅದು ಆನ್ಸನ್‌ಗೆ ಹೇಳಿದ್ದು."

"ನನಗೆ ಹೇಗೆ ಗೊತ್ತಾಗಬೇಕು?"

"ಒಮ್ಮೆ ಕೇಳಬಹುದಿತ್ತು. ನೀನು ಬರ್ತಿದ್ದದ್ದು ಕಾರಿಗಾಗಿಯಾ?"

ಅವನು ಬಾನೆಟ್ಟಿನ ಕೆಳಗೆ ಬಾಗಿ, ಎಂಜಿನಿನ ಪಕ್ಕದಲ್ಲಿ ಮಣ್ಣು ಮೆತ್ತಿದ ಒಂದು ಸಣ್ಣ ಹಿತ್ತಾಳೆಯ ನಲ್ಲಿಯನ್ನು ತೋರಿಸಿದ.

"ಇದು ನೆನಪುಂಟಾ? ರೇಡಿಯೇಟರ್ ಖಾಲಿಯಾದರೂ ಎಂಜಿನ್ನಿನ ಒಳಗಿನ ನೀರು ಹಾಗೆಯೇ ನಿಲ್ತದೆ. ಅದು ಹೋಗಬೇಕಾದರೆ ಈ ನಲ್ಲಿ ಬಿಡಬೇಕು. ನಾನು ಮುಟ್ಟಲಿಲ್ಲ."

ನೆನಪಿಲ್ಲದೆ ಏನು! ಪಪ್ಪನಿಗೆ ಎಷ್ಟೋ ಸಲ ಅವಳು ಸ್ಪ್ಯಾನರ್ ಎತ್ತಿಕೊಟ್ಟದ್ದು ಆ ನಲ್ಲಿಗೇ. ಸಿಟ್ಟು ಅದನ್ನೂ ಮರೆಸಿತ್ತು.

"ಯಾಕೆ ಮುಟ್ಟಲಿಲ್ಲ?"

"ಅದನ್ನು ನೀನೇ ಬಿಡಬೇಕು ಅಂತ ಕಂಡಿತು. ಬೇಡ ಅಂದರೆ ಎಲ್ಲ ಮುಚ್ಚಿಟ್ಟು ಹೋಗ್ತೇನೆ."

ಕ್ಯಾರಲ್ ಸಿಮೆಂಟಿನ ಮೇಲಿನ ಕಂದು ಕಲೆಯನ್ನು ನೋಡಿದಳು. ಪಪ್ಪ ಇದ್ದಿದ್ದರೆ ಈ ತುಕ್ಕನ್ನು ಕಂಡು ತನಗೇ ಬೈಯುತ್ತಿದ್ದರು... ಅವರ ನೀರನ್ನು ಕಾಯಲು ಹೋಗಿ ಅವರ ಕಾರನ್ನೇ ಕೊಲ್ಲುತ್ತಿದ್ದೇನಲ್ಲ!

ಅವಳು ಚೀಲ ಕೆಳಗಿಟ್ಟು ಸ್ಪ್ಯಾನರ್ ಎತ್ತಿಕೊಂಡಳು. ನಲ್ಲಿ ಬಿಗಿಯಾಗಿ ಹಿಡಿದುಕೊಂಡಿತ್ತು. ಎರಡು ಬಾರಿ ಕೈ ಜಾರಿತು.

"ನೋಡ್ತಾ ನಿಂತಿದ್ದೀಯಲ್ಲ!"

ಅವನು ಅವಳ ಕೈಯ ಮೇಲೆ ಕೈಯಿಟ್ಟು ಒತ್ತಿದ. ಕಿರ್ರೆಂದು ನಲ್ಲಿ ತಿರುಗಿತು. ಕಂದು ನೀರು ಅವಳ ಬೆರಳುಗಳ ನಡುವೆ ಇಳಿಯಿತು. ತಣ್ಣಗಿತ್ತು. ಅವಳು ಬೊಗಸೆಯೊಡ್ಡಿದಳು, ತುಂಬಿತು, ಚೆಲ್ಲಿತು. ಸಮಾಧಿಯ ದಿನ ಬಾರದ ಕಣ್ಣೀರು ಈಗ ಯಾರ ಅಪ್ಪಣೆಗೂ ಕಾಯದೆ ಬಂತು. ಗ್ಲೆನ್ ಅವಳ ಕೈ ಬಿಡಲಿಲ್ಲ.

ಹರಿವು ತಿಳಿಯಾಗುವವರೆಗೆ ಪೈಪು ಹಿಡಿದು ತೊಳೆದರು. ಉಳಿದ ನೀರು ಸೋರಿಹೋದ ಮೇಲೆ ನಲ್ಲಿಗಳನ್ನು ಮುಚ್ಚಿದಾಗ ಅವಳಿಗೆ ಥಟ್ಟನೆ ಹೊಳೆದು, ಸಿಟ್ಟು ಮತ್ತೆ ಉಕ್ಕಿತು. ಈ ಬಾರಿ ತನ್ನ ಮೇಲೆಯೇ.

"ಇನ್ನು ಎಂತ ತುಂಬಿಸುವುದು? ಈ ವರ್ಷ ಮಳೆಯೆಲ್ಲ ಹೋಯ್ತು. ನಾನು ಒಂದು ಹನಿಯೂ ಹಿಡಿಯಲಿಲ್ಲ."

ಗ್ಲೆನ್ ಶೆಡ್ಡಿನ ಮೂಲೆಯಿಂದ ದೊಡ್ಡ ಭರಣಿಯೊಂದನ್ನು ಹೊತ್ತು ತಂದ. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು, ರಾಫೆಲ್ ಕಟ್ಟುತ್ತಿದ್ದ ಹಾಗೆಯೇ.

"ನಮ್ಮ ಮನೆಯ ಮಾಡಿನದ್ದು. ಮೊದಲ ಮಳೆಯಲ್ಲ, ಮಾಡು ತೊಳೆದ ಮೇಲಿನದ್ದೇ."

ಬರಬೇಡವೆಂದ ಮನೆಯ ಕಾರಿಗಾಗಿ, ದೇರೆಬೈಲಿನ ಅಂಗಳದಲ್ಲಿ ಒಬ್ಬನೇ ನಿಂತು ಇವನು ಮಳೆ ಹಿಡಿದಿದ್ದ! ಕ್ಯಾರಲ್‌ಗೆ ಅವನನ್ನು ಹೊಡೆಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು.

"ಬಂದ ಕೂಡಲೇ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ನೀನು ಬಿಟ್ಟರಲ್ವಾ ಹೇಳುವುದು?" ಅವನು ಭರಣಿಯನ್ನು ಎದೆಗೊತ್ತಿಕೊಂಡೇ ನಿಂತಿದ್ದ. "ಕಾರಿಗಾಗಿ ಅಲ್ಲ ಕ್ಯಾರಲ್. ಯಾವ ಶನಿವಾರವೂ ನಾನು ಕಾರಿಗಾಗಿ ಬಂದದ್ದಲ್ಲ."

ಅವಳು ಲಾಳಿಕೆಯನ್ನು ರೇಡಿಯೇಟರಿನ ಬಾಯಿಗೆ ಹಿಡಿದಳು. ಒಳಗೆ ಗಾಳಿ ಸಿಕ್ಕಿಕೊಳ್ಳದ ಹಾಗೆ ನಿಧಾನವಾಗಿ ಹೊಯ್ಯಬೇಕು. ಅವನು ಭರಣಿ ಬಾಗಿಸಿ, ಹೊಯ್ಯದೆ, ಅವಳನ್ನೇ ನೋಡಿದ.

"ಬರುವ ಮಳೆಗೆ ಭರಣಿ ಎಲ್ಲಿಡ್ಲಿ?"

"ಇಲ್ಲೇ. ನಮ್ಮ ಮಾಡಿನ ಕೆಳಗೆ."

"ನಮ್ಮ ಅಂದ್ರೆ?"

"ಬಾಯಿ ಮುಚ್ಚಿ ನೀರು ಹೊಯ್ಯಿ ಮಾರಾಯ," ಎಂದಳು ಕ್ಯಾರಲ್, ಒದ್ದೆ ಕೆನ್ನೆಯನ್ನು ಅವನ ತೋಳಿಗೆ ಒರೆಸುತ್ತ. "ನನ್ನ ಸಿಟ್ಟು ಇನ್ನೂ ಇಳಿಯಲಿಲ್ಲ."

"ಇಳಿಯುವವರೆಗೆ ಇರ್ತೇನೆ," ಎಂದ ಗ್ಲೆನ್, ಮತ್ತು ನೀರು ಹೊಯ್ಯತೊಡಗಿದ.