ಮುದ್ದೇಬಿಹಾಳದಲ್ಲಿ ಸತ್ತ ಸಮುದ್ರದ ಮೀನುಗಳು

ಒಂದನ್ನು ಬಿಟ್ಟು ಉಳಿದ ಮೀನುಗಳೆಲ್ಲ ಸತ್ತಿದ್ದವು.

ದವಾಖಾನೆಯ ಬಾಗಿಲು ತೆರೆದ ಶಮಶುದ್ದೀನ ಸಾಹೇಬರು ಮೊದಲು ಕಂಡದ್ದು ಗಾಜಿನ ತೊಟ್ಟಿಯ ತಳದಲ್ಲಿ ಒರಗಿದ್ದ ಕೇಸರಿ ಮೀನನ್ನು. ಆಮೇಲೆ ಹಳದಿಯದನ್ನು. ಮುಂದೆ ನೋಡುವ ಧೈರ್ಯ ಉಳಿಯಲಿಲ್ಲ. ಬದುಕಿದ್ದ ಒಂದೇ ಒಂದು ನೀಲಿ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ನೀರು ಮಾತ್ರ ಕನ್ನಡಿಯಂತಿತ್ತು. ಅವರನ್ನು ಗಲಿಬಿಲಿಗೊಳಿಸಿದ್ದು ಅದೇ. ಕೊಳೆತ ನೀರಿನಲ್ಲಿ ಮೀನು ಸತ್ತರೆ ಅರ್ಥವಿದೆ. ಇಷ್ಟು ತಿಳಿಯಾದ ನೀರಿನಲ್ಲಿ ಸಾಯುವುದೆಂದರೇನು?

ಮಗಳು ಅಲ್ಮಾಸ ಮಕ್ಕಳ ಡಾಕ್ಟರು. ಸೂಜಿಗೆ ಹೆದರಿ ಅಳುವ ಮಕ್ಕಳು ನೋಡಿ ಸುಮ್ಮನಾಗಲೆಂದು ಈ ಉಪ್ಪುನೀರಿನ ತೊಟ್ಟಿಯನ್ನು ಇತ್ತೀಚೆಗಷ್ಟೇ ಇಡಿಸಿದ್ದಳು. ಉಸ್ತುವಾರಿಯನ್ನು ತಂದೆ ತಾವಾಗಿಯೇ ವಹಿಸಿಕೊಂಡಿದ್ದರು. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನೀರು ಅಳೆಯುತ್ತಲೇ ತಲೆ ಬೆಳ್ಳಗಾಗಿಸಿಕೊಂಡವರು. ನೀರಿನ ಸಂಗತಿಯನ್ನು ಅವರಿಗೆ ಯಾರು ಹೇಳಿಕೊಡಬೇಕು?

ತೊಟ್ಟಿಯ ಪಕ್ಕದಲ್ಲೇ ಫಿನಾಯಿಲ್ ಬಾಟಲಿ ಇತ್ತು. ಕಸ ಹೊಡೆಯುವ ಯಲ್ಲವ್ವನದು.

ದವಾಖಾನೆ ತುಂಬಿದ ಮೇಲೆ, ಕೂಸುಗಳನ್ನು ಎತ್ತಿಕೊಂಡು ಕುಳಿತಿದ್ದ ತಾಯಂದಿರೆಲ್ಲರ ಎದುರೇ ಸಾಹೇಬರು ಗುಡುಗಿದರು.

"ನಿನ್ನೆ ಗಾಜಿಗೆ ನೀರು ಸಿಡಿಸಿದ್ದಕ್ಕ ಬೈದೆ ಅಂತ, ಮೂಕ ಜೀವಕ್ಕ ವಿಷಾ ಹಾಕಿದೇನವಾ?"

"ನಾ ಯಾಕ ಹಾಕ್ಲಿರಿ? ಅವೇನ ನನ್ನ ಕಸಬರಿಗಿ ಕಿತಗೊಂಡಿದ್ವೇನು?" ಎಂದಳು ಯಲ್ಲವ್ವ.

ಅಲ್ಮಾಸಳ ಮುಖ ಬಿಗಿಯಿತು. "ಮಕ್ಕಳು ಆಡೂ ಜಾಗಾದಾಗ ವಿಷಾ ಅಂದ್ರ ನಾ ಸುಮ್ನಿರಂಗಿಲ್ಲ. ಖರೇ ಆದ್ರ ನಾಳಿಯಿಂದ ನೀ ಬರಬ್ಯಾಡ, ಯಲ್ಲವ್ವ."

ಯಲ್ಲವ್ವ ಕಸಬರಿಗೆಯನ್ನು ಮೂಲೆಗಿಟ್ಟಳು. ವಿಷ ಹಾಕಿದವಳೆಂಬ ಹೆಸರು ಹೊತ್ತು ಹೊರಬಿದ್ದರೆ ಈ ಊರಿನಲ್ಲಿ ಅವಳನ್ನು ಯಾರ ಮನೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ—ಅದು ಎಲ್ಲರಿಗೂ ತಿಳಿದಿತ್ತು.

"ಖರೇ ಆದ್ರ, ಅಂದ್ರಿ. ಹಂಗಾರ ಮೊದ್ಲ ಖರೇ ಏನಂತ ನೋಡೂಣಲ್ರಿ?"

ಮಾತಾಡಿದವಳು ಊರಿನ ಠಾಣೆಯ ಹವಾಲ್ದಾರ ಸುಜಾತಾ. ಅಂದು ಸಾದಾ ಸೀರೆಯಲ್ಲಿ ಕೂಸಿಗೆ ಲಸಿಕೆ ಹಾಕಿಸಲು ಬಂದಿದ್ದಳು. ಕೂಸನ್ನು ಅಲ್ಮಾಸಳ ಕೈಗೆ ಕೊಟ್ಟು, ಕಾಯುತ್ತಿದ್ದವರನ್ನೆಲ್ಲ ಹೊರಗಿನ ಕಟ್ಟೆಗೆ ಕಳಿಸಿದಳು.

ಅಷ್ಟರಲ್ಲಿ ತೊಟ್ಟಿಯನ್ನು ಜೋಡಿಸಿಕೊಟ್ಟಿದ್ದ ತಬ್ರೇಜ, ಬೆಳಿಗ್ಗೆಯೇ ಸಾಹೇಬರ ಫೋನು ಹೋದೊಡನೆ ಬಸವನ ಬಾಗೇವಾಡಿಯಿಂದ ಬೈಕು ಹತ್ತಿದವನು, ಬಂದು ಮುಟ್ಟಿದ. ಸುಜಾತಾ ಮೊದಲು ಅವನನ್ನೇ ಹಿಡಿದಳು.

"ಜಡ್ಡಿನ ಮೀನ ತಂದು ಬಿಟ್ಟಿದ್ದೇನು?"

"ಇಲ್ರಿ ಮೇಡಮ್. ಇದರ ಜೋಡೀಲೆ ಬಂದ ಮೀನ ಸಿಂದಗಿಯ ಹೋಟೆಲಿನ್ಯಾಗ ಅದಾವ. ಬೇಕಾರ ಕೇಳ್ರಿ."

ಅವಳು ಫೋನು ಹಚ್ಚಿ ಕೇಳಿದಳು. ಸಿಂದಗಿಯ ಮೀನುಗಳು ಆರಾಮವಾಗಿದ್ದವು.

"ಉಪ್ಪು ಹೆಚ್ಚುಕಡಿಮಿ ಆಗೇತೇನು?"

ತಬ್ರೇಜ ಅಳೆದು ನೋಡಿದ. ಮತ್ತೊಮ್ಮೆ ಅಳೆದ. "ಕೂದಲೆಳಿಯಷ್ಟೂ ಫರಕಿಲ್ರಿ." ಆಮೇಲೆ ಸಣ್ಣ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತೆಗೆದು ಪರೀಕ್ಷೆಯ ಔಷಧಿಯ ಹನಿ ಬಿಟ್ಟ. ನೀರು ಕಡುಹಸಿರಾಯಿತು. ಅವನ ಹುಬ್ಬು ಗಂಟಿಕ್ಕಿತು. "ಅಮೋನಿಯಾ. ಮೀನಿನ ಹೊಲಸಿನ ವಿಷಾ ಇದು. ಇಷ್ಟ್ಯಾಕ ತುಂಬೇತಿ?"

ಸಾಹೇಬರು ಮತ್ತೆ ತೊಟ್ಟಿಯತ್ತ ನೋಡಿದರು. ಹೊಲಸು? ಈ ನೀರಿನಲ್ಲಿ?

"ನೋಡ್ರಿ, ಫಿನಾಯಿಲ್ಲಿಂದ ಆಗಿರಬೇಕದು," ಎಂದರು.

ಸುಜಾತಾ ಬಾಗಿಲ ಬದಿಗೆ ಫಳಫಳ ಹೊಳೆಯುತ್ತಿದ್ದ ತಾಮ್ರದ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ, ಅದಕ್ಕೆ ನಾಲ್ಕು ಹನಿ ಫಿನಾಯಿಲ್ ಹಾಕಿ ಎಲ್ಲರ ಮುಂದೆ ಹಿಡಿದಳು. ನೀರು ಹಾಲಿನಂತೆ ಬೆಳ್ಳಗಾಯಿತು.

"ತೊಟ್ಟಿ ನೀರು ಹಾಲಾಗೇತೇನ್ರಿ?"

ಆಗಿರಲಿಲ್ಲ. ಫಿನಾಯಿಲ್ ಅಲ್ಲ, ಉಪ್ಪಲ್ಲ, ಜಡ್ಡಲ್ಲ—ಮತ್ತೆ ಯಾವುದು? ಯಾರು?

"ಚಾಚಾರ, ಈ ನೀರಾಗ ಯಾರರೆ ಕೈ ಹಾಕಿದ್ರೇನು?"

"ಯಾರೂ ಇಲ್ಲವಾ. ನನ್ನ ಬಿಟ್ಟು ಮುಟ್ಟಾಕ ಯಾರನ್ನೂ ಬಿಟ್ಟಿಲ್ಲ."

ಸುಜಾತಾ ತೊಟ್ಟಿಗೆ ಮೂಗು ತಾಗಿಸುವಷ್ಟು ಬಗ್ಗಿದಳು. "ತಬ್ರೇಜ, ಈ ತಳದ ಕಲ್ಲು ಮೊದ್ಲಿಂದ ಇಷ್ಟು ಬೆಳ್ಳಗ ಇದ್ವೇನು?"

ತಬ್ರೇಜ ನೋಡಿದ. ಮುಖ ಕಳೆಗುಂದಿತು. ಅವಸರದಿಂದ ನೀರು ಸೋಸುವ ಯಂತ್ರದ ಸ್ಪಂಜನ್ನು ಎಳೆದು ತೆಗೆದ. ಅದೂ ಹೊಸದರಂತಿತ್ತು.

"ಇಲ್ರಿ… ಹ್ವಾದ ವಾರ ಬಂದಾಗ ಇದಕ್ಕೆಲ್ಲ ಕಂದು ಲೋಳಿ ಹಿಡಿದಿತ್ತು. ನೋಡಿ ಖುಷಿಪಟ್ಟಿದ್ದೆ."

"ಲೋಳಿ ನೋಡಿ ಖುಷಿ?"

"ಮೀನಿನ ಹೊಲಸು ತಿನ್ನೂ ಜೀವ ಕಲ್ಲಿನ್ಯಾಗ, ಸ್ಪಂಜಿನ್ಯಾಗ ಮನಿ ಮಾಡ್ತಾವ್ರಿ. ಕಣ್ಣಿಗೆ ಕಾಣಂಗಿಲ್ಲ. ಹೊಸಾ ತೊಟ್ಟ್ಯಾಗ ಅವು ಬೆಳಿಯೂತನಕ ಕಾಯಬೇಕು, ಮೀನು ಒಂದೊಂದ ಬಿಡಬೇಕು. ಚಾಚಾರು ಕೇಳಲಿಲ್ಲ. ತುಂಬಿ ಕಾಣಬೇಕು ಅಂತ ಎಲ್ಲಾ ಒಮ್ಮೆಗೇ ತರಿಸಿದ್ರು. ಆ ಜೀವ ಇರೂತನಕ ಹೆಂಗೋ ತಾಳಿತ್ತು."

ಸುಜಾತಾ ಸಾಹೇಬರತ್ತ ತಿರುಗಿದಳು. "ಎಂಟು ದಿನಕ್ಕೊಮ್ಮೆ ಬರೂ ನಳದ ನೀರು ಮೊನ್ನೆ ಬಂದಿತ್ತಲ್ರಿ?"

"ಬಂದಿತ್ತು." ಇದಕ್ಕೂ ಮೀನಿಗೂ ಏನು ಸಂಬಂಧ?

"ಬಂದಾಗ ನೀವೇನ ಮಾಡಿದ್ರಿ?"

"ಎಲ್ಲಾರೂ ಏನ ಮಾಡ್ತಾರ? ಹಳೇ ನೀರು ಚೆಲ್ಲಿ, ತಿಕ್ಕಿ ತೊಳದು, ಹೊಸಾ ನೀರು ತುಂಬಿದೆ. ಕೊಡಾ, ಹಂಡೆ, ಮ್ಯಾಲಿನ ಟಾಕಿ…" ಮಡಚುತ್ತಿದ್ದ ಬೆರಳು ನಡುವೆಯೇ ನಿಂತಿತು. "…ಇದನ್ನೂ. ಮೀನ ಬಕೀಟಿನ್ಯಾಗ ಇಟ್ಟು, ಕಲ್ಲು, ಸ್ಪಂಜು ಎಲ್ಲಾ ನಳದ ಕೆಳಗ ಹಿಡದು ತಿಕ್ಕಿದೆ. ಉಪ್ಪು ತಬ್ರೇಜ ಹೇಳಿದಂಗ ಅಳದ ಹಾಕೀನಿ."

"ಉಪ್ಪು ಸಮಾ ಇದ್ದದ್ದ ನಿಮ್ಮನ್ನ ಹಿಡಕೊಟ್ಟಿದ್ದು," ಸುಜಾತಾ ದನಿ ತಗ್ಗಿಸಿದಳು. "ಕಲ್ಲು ತೊಳಿಬೇಕಾರ ನೀರು ತಗದಿರಬೇಕು. ತಗದವರು ತಿರುಗಿ ಉಪ್ಪು ಬೆರಸಿರಬೇಕು. ಆ ಅಳತಿ ಗೊತ್ತಿದ್ದವರು ಇಬ್ಬರ. ತಬ್ರೇಜ ಊರಾಗ ಇರಲಿಲ್ಲ. ನಳದ ನೀರಿನ ಬ್ಲೀಚಿಂಗ್ ಪೌಡರು ಆ ಸಣ್ಣ ಜೀವನ್ನೆಲ್ಲಾ ಕೊಂದತು. ತಿನ್ನವ್ರ ಇಲ್ದ ಹೊಲಸು ನೀರಾಗ ವಿಷಾ ಆತು. ಬ್ಯಾರೆ ಆರೋಪಿ ಇಲ್ರಿ ಚಾಚಾರ. ನೀವ."

ಸಾಹೇಬರು ಕುರ್ಚಿ ಹುಡುಕಿ ಕುಳಿತರು. ಕಾಲುವೆಯಲ್ಲಿ ಹಳೆಯ ನೀರು ಹೋಗುತ್ತಿತ್ತು, ಹೊಸದು ಬರುತ್ತಿತ್ತು, ನಿಂತದ್ದು ಕೆಡುತ್ತಿತ್ತು. ಜೀವಮಾನವಿಡೀ ನಂಬಿದ್ದು ಅದೊಂದನ್ನೇ. "ನಾ ಬರೇ ಸ್ವಚ್ಛ ಮಾಡಿದ್ದೆ," ಎಂದರು, ಯಾರಿಗೆ ಎಂಬುದು ತಿಳಿಯದೆ.

ತಬ್ರೇಜ ನೀಲಿ ಮೀನನ್ನು ತಾನು ತಂದಿದ್ದ ಉಪ್ಪುನೀರಿನ ಡಬ್ಬಿಗೆ ಇಳಿಸಿದ. ಬದುಕುತ್ತದೆಂದು ಅವನು ಮಾತು ಕೊಡಲಿಲ್ಲ.

"ಯಲ್ಲವ್ವ, ನೀ ಎಲ್ಲಿಗೂ ಹೋಗಬ್ಯಾಡ," ಅಲ್ಮಾಸ ತಡವರಿಸಿದಳು. ಯಲ್ಲವ್ವ ಕದಲಲಿಲ್ಲ.

ಸಾಹೇಬರು ಎದ್ದು ಅವಳ ಹತ್ತಿರ ಹೋದರು. "ತಪ್ಪಾತವಾ," ಎಂದರು, ಕೇಳಿಸಿತೋ ಇಲ್ಲವೋ ಎಂಬಂತೆ.

"ನನ್ನ ಕಿವ್ಯಾಗ ಹೇಳಿದ್ರ ಏನ ಬಂತ್ರಿ? ಬೈಯುವಾಗ ಇಷ್ಟ ಸಣ್ಣ ದನಿ ಇರಲಿಲ್ಲಲ್ಲ?"

ಅವರು ಬಾಗಿಲು ದಾಟಿ ಕಟ್ಟೆಗೆ ಬಂದರು. ಇಪ್ಪತ್ತು ಕಣ್ಣುಗಳು ಅವರತ್ತ ತಿರುಗಿದವು; ಒಂದು ಮಗು ಅಳುತ್ತಿತ್ತು.

"ಮೀನ ಕೊಂದಾಂವ ನಾನ. ಯಲ್ಲವ್ವ ಅಲ್ಲ."

ಬೆನ್ನ ಹಿಂದಿನಿಂದ ಯಲ್ಲವ್ವನ ದನಿ ಬಂತು: "ಆ ತುದೀಗಿ ಕುಂತವರಿಗೆ ಕೇಳಸಲಿಲ್ಲಂತ್ರಿ."

ಶಮಶುದ್ದೀನ ಸಾಹೇಬರು ಗಂಟಲು ಸರಿಪಡಿಸಿಕೊಂಡು, ಕಟ್ಟೆಯ ಆ ತುದಿಯವರೆಗೆ ನಡೆದು ಹೋಗಿ, ಮತ್ತೊಮ್ಮೆ ಹೇಳಿದರು.