ಎರಡು ಕಿಲೋ ಸೀಸ

ಟ್ರ್ಯಾಕಿನ ಕಚೇರಿಯ ಗೋಡೆಯ ಮೇಲೆ, ಅತಿ ವೇಗದ ಸುತ್ತಿನ ದಾಖಲೆಯ ಮುಂದೆ, ಹದಿನೆಂಟು ವರ್ಷಗಳಿಂದ ಅವನ ಹೆಸರೇ ಇತ್ತು. ಅಪಘಾತದಲ್ಲಿ ಸೊಂಟ ಮುರಿದು, ಸ್ಟೀರಿಂಗ್ ಬಿಟ್ಟು, ತಂಡದ ಮ್ಯಾನೇಜರ್ ಆದ ಮೇಲೆ ಅವನಿಗೆ ತನ್ನದೆಂದು ಉಳಿದದ್ದು ಅದೊಂದೇ. ಈಗ ಅದನ್ನೂ ಕಿತ್ತುಕೊಳ್ಳಲು ಹೊರಟವಳು ಅವನೇ ಓಡಿಸಲು ಕಲಿಸಿ ತಂಡಕ್ಕೆ ತಂದ ಅಣ್ಣನ ಮಗಳು. ಶನಿವಾರದ ಅಭ್ಯಾಸದಲ್ಲಿ ದಾಖಲೆಗೆ ಕೂದಲೆಳೆಯಷ್ಟು ದೂರದಲ್ಲಿದ್ದಳು.

ಅವಳಿಗೆ ಪೆಟ್ಟಾಗಬಾರದು, ಬ್ರೇಕು, ಚಕ್ರ ಯಾವುದನ್ನೂ ಮುಟ್ಟುವ ಮಾತಿಲ್ಲ. ಕಾರಿಗೆ ನಿಯಮದ ಕನಿಷ್ಠ ತೂಕ ಬರಲೆಂದು ಸೀಟಿನಡಿ ಎರಡು ಕಿಲೋ ಸೀಸದ ತಟ್ಟೆ ಬಿಗಿದಿದ್ದರು. ಅದನ್ನು ತೆಗೆದರಾಯಿತು. ರೇಸ್ ಮುಗಿದೊಡನೆ ಗೆದ್ದ ಕಾರನ್ನು ತೂಗುತ್ತಾರೆ. ತೂಕ ಕಮ್ಮಿಯಾದರೆ ಗೆಲುವೂ ಇಲ್ಲ, ದಾಖಲೆಯೂ ಇಲ್ಲ. ತಪ್ಪು ಮುದಿ ಮೆಕ್ಯಾನಿಕ್‌ನ ತಲೆಗೆ. ಅವನ ಮರೆವು ಎಲ್ಲರಿಗೂ ಗೊತ್ತಿದ್ದದ್ದೇ. ಹಿಂದೊಮ್ಮೆ ನಜ್ಜುಗುಜ್ಜಾದ ಕಾರಿನಿಂದ ತನ್ನನ್ನು ಎಳೆದು ಉಳಿಸಿದವನು ಇದೇ ಮುದುಕ ಎಂಬುದನ್ನು ನೆನೆಯದಿರಲು ಅವನು ತುಂಬ ಪ್ರಯತ್ನಪಟ್ಟ.

ಭಾನುವಾರ ಬೆಳಗ್ಗೆ ಮುದುಕ ತಿಂಡಿಗೆ ಹೋದಾಗ ನಾಲ್ಕು ಬೋಲ್ಟು ಬಿಚ್ಚಿದ. ತಟ್ಟೆಯನ್ನು ಚೀಲಕ್ಕೆ ಸೇರಿಸಿ ತಿರುಗಿದರೆ ಗ್ಯಾರೇಜಿನ ಬಾಗಿಲಲ್ಲಿ ಅವಳು ಬರುತ್ತಿದ್ದಳು.

“ಚಿಕ್ಕಪ್ಪ, ಕೊನೇ ತಿರುವಿಗೆ ಮೂರನೇ ಗೇರ್ ಸಾಕಾ?”

“ನಾಲ್ಕರಲ್ಲೇ ಹೋಗು. ಕಾರು ಹಿಡಿಯುತ್ತೆ, ಹೆದರಬೇಡ.”

ಹೇಳಿದ್ದು ನಿಜವೇ. ಅವಳು ಹೆಗಲು ತಟ್ಟಿ ಹೋದಳು. ಗ್ರೀಸ್ ಮೆತ್ತಿದ ಕೈಗಳನ್ನು ಎಲ್ಲಿ ಬಚ್ಚಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವಳು ಗೆದ್ದಳು. ದಾಖಲೆ ಸೆಕೆಂಡಿನ ನೂರರಲ್ಲಿ ಮೂರು ಪಾಲಿನಿಂದ ಮುರಿಯಿತು. ಕಾರು ಎರಡು ಕಿಲೋ ಹಗುರವಾಗಿರದಿದ್ದರೆ ಆ ಮೂರು ಪಾಲು ದಕ್ಕುತ್ತಿರಲಿಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು. ಇರಲಿ, ಇನ್ನರ್ಧ ಗಂಟೆಯ ಮಾತು. ಮುದುಕ ಅಳುತ್ತ ಬಂದು ಅವನನ್ನು ತಬ್ಬಿಕೊಂಡು, “ನಿಮ್ಮ ಕೈಯೇ ಕೈ ಸಾರ್,” ಎಂದ. ಅವನಿಗೆ ಮುಖವೆತ್ತಿ ನೋಡಲಾಗಲಿಲ್ಲ.

ತೂಗುವ ಅಧಿಕಾರಿ ಅಂಕಿ ನೋಡಿ, “ಸರಿಯಾಗಿದೆ, ಇನ್ನೂರು ಗ್ರಾಂ ಜಾಸ್ತೀನೇ ಇದೆ,” ಎಂದು ರುಜು ಹಾಕಿದ. ಚಿಕ್ಕಪ್ಪ ನಂಬದೆ ಕಾರಿನತ್ತ ಬಗ್ಗಿದ. ನಾಲ್ಕೂ ಚಕ್ರಗಳಿಗೆ ಕರಿ ರಬ್ಬರಿನ ಚೂರುಗಳು ದಪ್ಪಗೆ ಮೆತ್ತಿದ್ದವು. “ಗೆದ್ದ ಮೇಲೆ ವಾಪಸ್ ಬರುವಾಗ ಟ್ರ್ಯಾಕಿನ ಅಂಚಲ್ಲೇ ಬಂದೆ, ಚಿಕ್ಕಪ್ಪ,” ಎಂದಳು ಅವಳು, ಹೆಲ್ಮೆಟ್ ತೆಗೆಯುತ್ತ. “ಎಲ್ಲರ ಟೈರಿಂದ ಉದುರಿದ ರಬ್ಬರು ಅಲ್ಲೇ ಬಿದ್ದಿರುತ್ತೆ, ಬಿಸಿ ಚಕ್ರಕ್ಕೆ ಅಂಟ್ಕೊಂಡ್ರೆ ತೂಕಕ್ಕೆ ಒಂದೆರಡು ಕಿಲೋ ಆಸರೆ ಅಂತ ಮೊದಲನೇ ವರ್ಷಾನೇ ನೀವು ಹೇಳ್ಕೊಟ್ಟಿದ್ರಲ್ಲ.”