ಬೇರೆ ಇನ್ಸ್‌ಪೆಕ್ಟರ್ ಬೇಕೆಂದವಳು

ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: ನನ್ನ ಕೊಳದ ಪರಿಶೀಲನೆಗೆ ಬೇರೆ ಇನ್ಸ್‌ಪೆಕ್ಟರನ್ನು ಕಳಿಸಿಕೊಡಬೇಕು. ಕೆಳಗೆ ಅವಳ ದುಂಡನೆಯ ಸಹಿ.

ಮೀನುಗಾರಿಕೆ ಇಲಾಖೆಯ ಇನ್ಸ್‌ಪೆಕ್ಟರ್ ಅದನ್ನು ಮೇಲಧಿಕಾರಿಯ ಮೇಜಿನ ಮುಂದೆ ನಿಂತೇ ಓದಿದ. ಏನು ಮಾಡಿದಿರಿ ಎಂದು ಅವರು ಕೇಳಿದರು. ಏನೂ ಇಲ್ಲ ಸಾರ್ ಎಂದ. ಕಿವಿ ಮಾತ್ರ ಕೆಂಪಾಗಿತ್ತು.

ಆದದ್ದು ಇಷ್ಟೇ. ನೆರೆ ಇಳಿದ ವಾರ, ದನ, ಕುರಿ, ಮೀನು ಸಾಕುವವರಿಗೆ ಸರ್ಕಾರ ತುರ್ತು ಪರಿಹಾರ ಘೋಷಿಸಿತ್ತು. ಸತ್ತ ಕುರಿಯನ್ನಾದರೆ ಎಣಿಸಬಹುದು. ಏರಿ ಒಡೆದು ಹೊಳೆ ಸೇರಿದ ಮೀನನ್ನು ಎಣಿಸುವುದು ಹೇಗೆ? ಅವನು ಪರಿಶೀಲನೆಗೆ ಹೋದಾಗ ಅವಳ ಚಿಕ್ಕಪ್ಪ ಖಾಲಿ ಕೊಳದ ದಂಡೆಯಲ್ಲಿ ನಿಂತು, ಐದು ಸಾವಿರಕ್ಕೆ ಒಂದೂ ಕಮ್ಮಿಯಿಲ್ಲ ಎಂದು ಬಾಯಿ ತುಂಬ ಹೇಳಿದರು.

"ಮೂರು ಸಾವಿರದ ಇನ್ನೂರು," ಎಂದಳು ಅವಳು, ಮರಿ ಕೊಂಡ ಬಿಲ್ಲು ಚಾಚುತ್ತ. "ಚಿಕ್ಕಪ್ಪ ಮೀನಿನ ನೆರಳನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ."

ಮೊಣಕೈವರೆಗೆ ಕೆಸರು, ತುಟಿಯಂಚಿನಲ್ಲಿ ತಡೆದಿಟ್ಟ ನಗು. ಹನ್ನೊಂದು ವರ್ಷದ ನೌಕರಿಯಲ್ಲಿ ತಮ್ಮ ನಷ್ಟವನ್ನು ತಾವೇ ತಗ್ಗಿಸಿ ಹೇಳಿದವರನ್ನು ಅವನು ಕಂಡಿರಲಿಲ್ಲ.

ಮೂರು ದಿನ ಬಿಟ್ಟು ಮತ್ತೆ ಹೋದ. ಒಡೆದ ಏರಿಯ ಫೋಟೋ ಬೇಕಿತ್ತು ಎಂದ.

"ಮೊನ್ನೆ ತೆಗೆದ್ರಲ್ಲ ಸಾರ್?"

"ಬೆಳಕು ಸರಿ ಇರ್ಲಿಲ್ಲ."

ಅವಳು ಮೋಡ ಕವಿದ ಆಕಾಶವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಇವತ್ತು ಬೆಳಕು ಬಹಳ ಚೆನ್ನಾಗಿದೆ ಎಂದು ಒಪ್ಪಿಕೊಂಡು ಚಹಾ ತಂದುಕೊಟ್ಟಳು. ಅವನು ಎರಡು ಲೋಟ ಕುಡಿದು ಬಂದ.

ಅದರ ಬೆನ್ನಿಗೇ ಈ ಅರ್ಜಿ. ತನ್ನ ಸಲಿಗೆ ಅತಿಯಾಯಿತು ಎಂದುಕೊಂಡ. ಫೈಲು ಪಕ್ಕದ ತಾಲ್ಲೂಕಿನ ಕಚೇರಿಗೆ ಹೋಯಿತು. ಅಲ್ಲಿದ್ದವರು ಒಬ್ಬರೇ ಇನ್ಸ್‌ಪೆಕ್ಟರ್. ಅವಳ ಸರದಿ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ, ಪರಿಹಾರದ ದುಡ್ಡು ಬಾರದೆ, ಕೊಳಕ್ಕೆ ಹೊಸ ಮರಿ ಬಿಡುವ ಕಾಲ ಕೈತಪ್ಪಿತ್ತು. ಅವಳು ಬೇರೊಬ್ಬರ ಮೀನುಮರಿ ಕೇಂದ್ರದಲ್ಲಿ ದಿನಗೂಲಿಗೆ ಮರಿ ಪ್ಯಾಕ್ ಮಾಡುತ್ತಿದ್ದಾಳೆಂದು ಕೇಳಿ ಅವನಿಗೆ ಅನ್ನ ಸೇರಲಿಲ್ಲ. ಆದರೂ ಆ ದಾರಿ ತುಳಿಯಲಿಲ್ಲ. ಬೇಡ ಎಂದ ಮೇಲೆ ಬೇಡ.

ಪರಿಹಾರ ಮಂಜೂರಾದ ಮರುದಿನ ಸಂಜೆ, ಕಚೇರಿಯೆದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ಅವಳು ಕೂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಮಡಿಲಲ್ಲಿ ಬ್ಯಾಗು. ಅವನು ರಸ್ತೆ ದಾಟುವವರೆಗೂ ನೋಡುತ್ತಲೇ ಇದ್ದಳು.

"ನನ್ನ ಫೈಲು ಮುಗೀತು," ಎಂದಳು.

"ಗೊತ್ತು."

"ನೀವೇ ವರದಿ ಬರೆದು, ನನಗೆ ದುಡ್ಡು ಬಂದು, ಆಮೇಲೆ ನಾವಿಬ್ರು ಜೊತೆಗೆ ಕಂಡ್ರೆ ಜನ ಏನಂತಿದ್ರು? ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ನಿಮ್ಮ ನೌಕರಿಗೂ ಕುತ್ತು."

"ನಾವಿಬ್ರು ಅಂದ್ರಾ?"

"ಅಂದೆ."

"ಒಂದು ಮಾತು ಹೇಳಬಹುದಿತ್ತು ನನಗೆ. ಒಂದು ವರ್ಷದ ಬೆಳೆ ಹೋಯ್ತಲ್ರೀ."

"ಹೇಳಿದ್ರೆ ನೀವು ದಿನಾ ಬರ್ತಿದ್ರಿ. ಹೋದ್ರೆ ಹೋಗ್ಲಿ, ಮುಂದಿನ ವರ್ಷ ಮರಿ ಬಿಡ್ತೀನಿ." ಅವಳ ಬೆರಳುಗಳು ಬ್ಯಾಗಿನ ಹಿಡಿಕೆಯನ್ನು ಸುತ್ತುತ್ತ ಬಿಚ್ಚುತ್ತ ಇದ್ದವು. "ಈಗ ನೀವು ಏನಾದ್ರೂ ಕೇಳೋದಿದ್ರೆ ಕೇಳಿ."

ಅವನು ಕೇಳಿದ. ವರದಿಯ ಭಾಷೆಗೆ ಪಳಗಿದ ನಾಲಿಗೆಗೆ ಆ ಮಾತು ಒಗ್ಗದೆ, ವಾಕ್ಯದ ನಡುವೆಯೇ ತೊದಲಿತು. ಅವಳು ಉಳಿದರ್ಧಕ್ಕೆ ಕಾಯಲಿಲ್ಲ. ಹೂಂ ಎಂದು, ಬೆಂಚಿನ ತುದಿಗೆ ಸರಿದು ಅವನಿಗೆ ಜಾಗ ಮಾಡಿದಳು.